ಯಂತ್ರ ಬಂತು, ಕಲಿಸುವವರೆಲ್ಲಿ?

ರಾಜ್ಯದ 150 ಸರ್ಕಾರಿ ಐಟಿಐಗಳು ಹೊಸ ರೂಪದಲ್ಲಿ ‘ಟೆಕ್ನಾಲಜಿ ಹಬ್’ಗಳಾಗಿ ಲೋಕಾರ್ಪಣೆಗೊಂಡದ್ದು 2022ರ ಜೂನ್ 20ರಂದು. ಪ್ರಧಾನಿಯವರೇ ಬೆಂಗಳೂರಿಗೆ ಬಂದು ಆ ಕಾರ್ಯ ನೆರವೇರಿಸಿದರು. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದ ಈ ಯೋಜನೆಗೆ ಆದ ವೆಚ್ಚ 4,700 ಕೋಟಿ ರೂಪಾಯಿಗೂ ಹೆಚ್ಚು. ಸಿಎನ್‌ಸಿ ಯಂತ್ರ, ರೋಬೊ, ತ್ರೀಡಿ ಪ್ರಿಂಟರ್, ವಿದ್ಯುತ್ ವಾಹನಗಳ ದುರಸ್ತಿ ಕಲಿಸುವ ಸಲಕರಣೆಗಳು ತಾಲ್ಲೂಕು ಕೇಂದ್ರಗಳಿಗೂ ಬಂದಿಳಿದವು. ದಶಕಗಳ ಕಾಲ ಹಳೆಯ ಲೇತುಗಳಲ್ಲೇ ಕಲಿತ ಮಕ್ಕಳಿಗೆ ಹೊಸ ಯಂತ್ರ ಮುಟ್ಟುವ ಅವಕಾಶ ಸಿಕ್ಕಿದ್ದು ಸಣ್ಣ ಸಂಗತಿಯೇನಲ್ಲ. ಅದನ್ನು ಒಪ್ಪಿಕೊಂಡೇ ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಯಂತ್ರದ ಪಕ್ಕ ನಿಂತು ಹದಿನೇಳರ ಹುಡುಗನಿಗೆ, ಹುಡುಗಿಗೆ ಅದನ್ನು ಕಲಿಸುವವರು ಯಾರು? ಅವರಿಗೆ ಈ ರಾಜ್ಯದಲ್ಲಿ ಇರುವ ಉದ್ಯೋಗ ಎಂಥದ್ದು? ಕಲಿಸಬೇಕು ಎಂದು ಮನಸ್ಸು ಮಾಡಿದ ಒಬ್ಬ ಒಳ್ಳೆಯ ಫಿಟ್ಟರ್‌ಗೆ, ಎಲೆಕ್ಟ್ರೀಷಿಯನ್‌ಗೆ ಆ ಕೆಲಸ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. ಸಿಕ್ಕರೂ ಉಳಿಯುವುದಿಲ್ಲ. ಉಳಿದರೂ ಸಂಸಾರ ನಡೆಸುವಷ್ಟು ಸಂಬಳ ಬರುವುದಿಲ್ಲ. ಕರ್ನಾಟಕದ ತಾಂತ್ರಿಕ ತರಬೇತಿ ಇಂದು ನಿಂತಿರುವ ಅಪಾಯದ ಅಂಚು ಇದು. ಕೌಶಲ ಎಂಬ ಮಾತು ಎಲ್ಲ ಬಜೆಟ್ ಭಾಷಣಗಳಲ್ಲೂ ಕೇಳುತ್ತಿರುವ ಇದೇ ಕಾಲದಲ್ಲಿ ಕೌಶಲ ಕಲಿಸುವವರ ಹುದ್ದೆ ಕಣ್ಣೆದುರೇ ಕರಗಿಹೋಗುತ್ತಿದೆ.

ಕೈಕೆಲಸದ ಪಾಠ ಎಂಥದ್ದು ಎಂಬುದನ್ನು ತೀರ್ಮಾನ ಕೈಗೊಳ್ಳುವವರು ಮರೆತಂತಿದೆ. ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗ ಮೊದಲ ವಾರಗಳಲ್ಲಿ ಮಾಡುವುದು ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜುವ ಕೆಲಸ. ವೈಸಿನಲ್ಲಿ ಬಿಗಿದ ಆ ತುಂಡಿನ ಮೈ ಸಮತಟ್ಟಾಗಬೇಕು. ಟ್ರೈ ಸ್ಕ್ವೇರ್ ಇಟ್ಟು ಎತ್ತಿ ಹಿಡಿದರೆ ಸಂದಿನಲ್ಲಿ ಬೆಳಕು ತೂರಬಾರದು. ನಿಲ್ಲುವ ಭಂಗಿ ತಪ್ಪಿದರೆ ಅರ ತೂಗಾಡುತ್ತದೆ, ತುಂಡಿನ ಅಂಚು ದುಂಡಗಾಗುತ್ತದೆ. ಕಾಲು ಎಲ್ಲಿಡಬೇಕು, ಭಾರ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ವಿಡಿಯೊ ತೋರಿಸಬಲ್ಲದು. ಹುಡುಗನ ಮೊಣಕೈ ಹಿಡಿದು ತಿದ್ದಲಾರದು. ವೆಲ್ಡಿಂಗ್ ಶೆಡ್ಡಿನಲ್ಲಿ ಅನುಭವಿ ಬೋಧಕರು ಬೆನ್ನು ತಿರುಗಿಸಿ ನಿಂತಿದ್ದರೂ ಆರ್ಕಿನ ಸದ್ದು ಕೇಳಿಯೇ ರಾಡು ತುಂಡಿನಿಂದ ದೂರ ಹೋಗಿದೆ ಎಂದು ಹೇಳುತ್ತಾರೆ. ಲೇತಿನಿಂದ ಸುರುಳಿ ಸುತ್ತಿ ಬರುವ ಲೋಹದ ಚೂರಿನ ಬಣ್ಣ ನೀಲಿಗೆ ತಿರುಗಿದರೆ ಟೂಲು ಕಾಯುತ್ತಿದೆ ಎಂದು ಅವರಿಗೆ ಗೊತ್ತಾಗುತ್ತದೆ. ಗ್ರೈಂಡಿಂಗ್ ಚಕ್ರವನ್ನು ಯಂತ್ರಕ್ಕೆ ಹಾಕುವ ಮುನ್ನ ಮೆಲ್ಲಗೆ ತಟ್ಟಿ ನೋಡಬೇಕು. ಗಂಟೆಯಂತೆ ಸ್ಪಷ್ಟ ನಾದ ಬಂದರೆ ಚಕ್ರ ಗಟ್ಟಿ, ಮಂಕು ಸದ್ದು ಬಂದರೆ ಒಳಗೆ ಬಿರುಕು. ಬಿರುಕು ಬಿಟ್ಟ ಚಕ್ರ ವೇಗದಲ್ಲಿ ತಿರುಗುವಾಗ ಸಿಡಿದರೆ ಕಣ್ಣು ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ತಟ್ಟಿ ನೋಡುವ ಈ ಅಭ್ಯಾಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ದಾಟಿಸುವವರು ಆ ಹೊತ್ತಿಗೆ ಅಲ್ಲಿರಬೇಕು, ಮರುವರ್ಷವೂ ಅಲ್ಲಿರಬೇಕು.

ಇದು ಗೊತ್ತಿದ್ದ ಕಾಲವೊಂದು ನಮ್ಮಲ್ಲಿತ್ತು. ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು; ಅದರಿಂದ 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು, ಈಗ ಎಸ್‌ಜೆಪಿ ಎಂದು ಎಲ್ಲರಿಗೂ ಗೊತ್ತಿರುವ ಪಾಲಿಟೆಕ್ನಿಕ್. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭಿಸಿ ಐಟಿಐಗಳಿಗೆ ಅಡಿಪಾಯ ಹಾಕಿತು. 1953ರಲ್ಲಿ ಎಚ್‌ಎಂಟಿ ಬಂತು. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳು ತಮ್ಮದೇ ತರಬೇತಿ ಶಾಲೆಗಳನ್ನು ಕಟ್ಟಿಕೊಂಡವು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಸಹಕಾರದಿಂದ 1971ರಲ್ಲಿ ಯಶವಂತಪುರದ ಬಳಿ ಫೋರ್‌ಮನ್ ತರಬೇತಿ ಸಂಸ್ಥೆ ಶುರುವಾಯಿತು. ಮರುವರ್ಷವೇ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಜಿಟಿಟಿಸಿ ಎಂಬ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. ಅಂದಿನವರು ಯಂತ್ರ ತರಿಸುವ ಜೊತೆಗೇ ಮೇಲ್ವಿಚಾರಕರನ್ನೂ ಮೇಷ್ಟ್ರನ್ನೂ ತಯಾರು ಮಾಡುವ ಮನೆಗಳನ್ನು ಕಟ್ಟಿದ್ದರು. ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದ ಕೈ ಐಟಿಐಗೆ ಬಂದು ಕಾಯಂ ಹುದ್ದೆಯಲ್ಲಿ ಕುಳಿತು ಕಲಿಸುತ್ತಿತ್ತು. ಊರಿನಲ್ಲಿ ಅವರಿಗೆ ‘ಐಟಿಐ ಮೇಷ್ಟ್ರು’ ಎಂಬ ಗೌರವವಿತ್ತು, ನಿವೃತ್ತಿಯಾದ ಮೇಲೆ ಪಿಂಚಣಿಯಿತ್ತು.

ಆ ಪೀಳಿಗೆ ನಿವೃತ್ತವಾಗಿದೆ. ಅವರು ಬಿಟ್ಟುಹೋದ ಜಾಗದಲ್ಲಿ ಬಹುಪಾಲು ಕಡೆ ಕೂತಿರುವವರು ಅತಿಥಿ ಬೋಧಕರು.

ಒಬ್ಬ ಅತಿಥಿ ಬೋಧಕನ ವರ್ಷ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರವೇಶ ಮುಗಿದ ಮೇಲೆ ಸಂಸ್ಥೆಗೆ ಎಷ್ಟು ಜನ ಬೇಕು ಎಂಬ ಲೆಕ್ಕವಾಗುತ್ತದೆ. ಸೂಚನಾ ಫಲಕದಲ್ಲೋ ಸ್ಥಳೀಯ ಪತ್ರಿಕೆಯ ಮೂಲೆಯಲ್ಲೋ ನಾಲ್ಕು ಸಾಲಿನ ಪ್ರಕಟಣೆ ಬರುತ್ತದೆ. ಅರ್ಜಿ ಹಾಕಲು ಸಿಗುವುದು ಕೆಲವೇ ದಿನ. ವಿಷಯ ತಿಳಿಯುವುದು ಹೆಚ್ಚಾಗಿ ಒಳಗಿದ್ದ ಪರಿಚಯದವರಿಂದ, ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ. ಗೌರವಧನ ಗಂಟೆಗಳ ಲೆಕ್ಕದಲ್ಲಿ. ಅನುದಾನ ಬಿಡುಗಡೆಯಾಗದಿದ್ದರೆ ತಿಂಗಳುಗಟ್ಟಲೆ ಬಾಕಿ. ರಜೆಯ ದಿನಗಳಿಗೆ ಹಣವಿಲ್ಲ, ಹೆರಿಗೆಗೆ ರಜೆಯಿಲ್ಲ. ಮುಂದಿನ ವರ್ಷ ಕಾಯಂ ನೌಕರರೊಬ್ಬರು ವರ್ಗವಾಗಿ ಬಂದರೆ ಕೆಲಸವೇ ಇಲ್ಲ. ಇಷ್ಟರ ನಡುವೆ ಅವರು ಇಪ್ಪತ್ತು ಮಕ್ಕಳ ಬೆರಳು ಕಾಯಬೇಕು, ಹೊಸ ಯಂತ್ರ ಕಲಿತುಕೊಳ್ಳಬೇಕು, ದಾಖಲೆ ಬರೆಯಬೇಕು, ಪರೀಕ್ಷೆಗೆ ತಯಾರು ಮಾಡಬೇಕು. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಚಲಾಯಿಸಿದರೆ ಅವರಿಗೆ ತಿಂಗಳಿಗೆ ತಪ್ಪದ ಸಂಬಳ, ಪಿಎಫ್, ಇಎಸ್‌ಐ ಸಿಗುತ್ತದೆ. ಹೀಗಿರುವಾಗ ಯಾರು ಉಳಿಯುತ್ತಾರೆ? ಕಲಿಸುವ ಹಂಬಲ ಬಿಡಲಾರದವರು ಕೆಲವರು ಉಳಿಯುತ್ತಾರೆ, ಬೇರೆ ದಾರಿಯಿಲ್ಲದವರು ಕೆಲವರು ಉಳಿಯುತ್ತಾರೆ. ಇಬ್ಬರಿಗೂ ರಾಜ್ಯ ಅನ್ಯಾಯ ಮಾಡುತ್ತಿದೆ.

ಕಾಯಂ ನೇಮಕಾತಿಯ ದಾರಿ ಇನ್ನೂ ಕಡಿದು. ಕಿರಿಯ ತರಬೇತಿ ಅಧಿಕಾರಿಗಳ ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ 2018ರಲ್ಲಿ ಅರ್ಜಿ ಕರೆಯಿತು. ಪರೀಕ್ಷೆ, ದಾಖಲೆ ಪರಿಶೀಲನೆ, ಪಟ್ಟಿ, ಆಕ್ಷೇಪಣೆ ಎಂದು ಪ್ರಕ್ರಿಯೆ ವರ್ಷಗಟ್ಟಲೆ ಎಳೆಯಿತು. ಆಯ್ಕೆಯಾದವರು ಸಹ ಆದೇಶ ಪತ್ರಕ್ಕಾಗಿ ಪ್ರತಿಭಟನೆಗೆ ಕೂರಬೇಕಾಯಿತು. ಇಪ್ಪತ್ತೆಂಟರಲ್ಲಿ ಅರ್ಜಿ ಹಾಕಿದವರಿಗೆ ಆ ವಯಸ್ಸಿನ ಉತ್ಸಾಹವನ್ನು ಯಾರು ಹಿಂದಿರುಗಿಸುತ್ತಾರೆ? ಅಷ್ಟರಲ್ಲಿ ಪಠ್ಯಕ್ರಮ ಬದಲಾಗಿತ್ತು, ಯಂತ್ರಗಳು ಬದಲಾಗಿದ್ದವು, ಒಳ್ಳೆಯವರು ಎಷ್ಟೋ ಮಂದಿ ಬೇರೆ ಕೆಲಸಕ್ಕೆ ಹೋಗಿದ್ದರು.

ನಿಯಮಗಳ ಪುಸ್ತಕ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಎರಡು ಯುನಿಟ್‌ಗೆ ಇಬ್ಬರು ಬೋಧಕರಿದ್ದರೆ ಒಬ್ಬರು ಪದವಿ ಅಥವಾ ಡಿಪ್ಲೊಮಾ ಓದಿದವರಾಗಿರಬೇಕು, ಇನ್ನೊಬ್ಬರು ಐಟಿಐ ಅಥವಾ ಅಪ್ರೆಂಟಿಸ್ ಪ್ರಮಾಣಪತ್ರ ಪಡೆದು ಕೆಲಸ ಮಾಡಿ ಬಂದವರಾಗಿರಬೇಕು. ಇಬ್ಬರೂ ಒಂದು ವರ್ಷದ ಬೋಧಕ ತರಬೇತಿ ಮುಗಿಸಿರಬೇಕು ಎಂದು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಹೇಳುತ್ತದೆ. ಓದಿದ ತಲೆ ಮತ್ತು ಪಳಗಿದ ಕೈ ಒಂದೇ ಶೆಡ್ಡಿನಲ್ಲಿರಲಿ ಎಂಬ ಈ ವಿವೇಕ ದೊಡ್ಡದು. ಆದರೆ ಒಂದು ವರ್ಷದ ದುಡಿಮೆ ಬಿಟ್ಟು, ಪ್ರವೇಶ ಪರೀಕ್ಷೆ ಬರೆದು, ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಆ ಕೋರ್ಸು ಮಾಡಿ ಬಂದವರಿಗೆ ಮುಂದೆ ಕಾದಿರುವುದು ಗಂಟೆ ಲೆಕ್ಕದ ಕೆಲಸ. ಶಿಕ್ಷಕರಾಗಲು ಬಿ.ಎಡ್ ಮಾಡಿದವರಿಗಾದರೂ ಆಗೊಮ್ಮೆ ಈಗೊಮ್ಮೆ ಸಾವಿರಾರು ಹುದ್ದೆಗಳ ಕರೆ ಬರುತ್ತದೆ. ಕಸುಬಿನ ಮೇಷ್ಟ್ರಿಗೆ ಅಂಥ ಕರೆಯೂ ಅಪರೂಪ.

ಅಲ್ಪಾವಧಿ ತರಬೇತಿಯ ಕಥೆ ಇದಕ್ಕಿಂತ ಕರುಣಾಜನಕ. 2015ರ ಜುಲೈನಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯಿತು. 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂತು. ಎರಡರ ಆಡಳಿತ ಬೇರೆಯಾದರೂ ಜಾಡು ಒಂದೇ: ಸರ್ಕಾರ ಹಣ ಕೊಡುತ್ತದೆ, ಖಾಸಗಿ ತರಬೇತಿ ಸಂಸ್ಥೆ ನಡೆಸುತ್ತದೆ. 2015ರಲ್ಲಿ ಕೇಂದ್ರ ಹೊರಡಿಸಿದ ಸಾಮಾನ್ಯ ಮಾನದಂಡದಲ್ಲಿ ಅತಿ ಹೆಚ್ಚಿನ ದರವೆಂದರೆ ಒಬ್ಬ ಅಭ್ಯರ್ಥಿಗೆ ಗಂಟೆಗೆ 38 ರೂಪಾಯಿ 50 ಪೈಸೆ; ಕೆಳಗಿನ ವರ್ಗದ ಕೋರ್ಸುಗಳಿಗೆ 27 ರೂಪಾಯಿ 50 ಪೈಸೆ. ಆಮೇಲೆ ದರ ಪರಿಷ್ಕರಣೆಯಾಗಿದೆ, ಲೆಕ್ಕದ ಕ್ರಮ ಬದಲಾಗಿಲ್ಲ. ಅಭ್ಯರ್ಥಿಗಳನ್ನು ಹುಡುಕಿ ತರುವುದು, ಕಟ್ಟಡದ ಬಾಡಿಗೆ, ಸಲಕರಣೆ, ಕಚ್ಚಾವಸ್ತು, ಉದ್ಯೋಗ ಕೊಡಿಸುವ ಓಡಾಟ, ನಂತರದ ನಿಗಾ ಎಲ್ಲವೂ ಅದರೊಳಗೇ ಆಗಬೇಕು. ಬೋಧಕರ ಸಂಬಳವೂ ಅದರೊಳಗೇ. ಬಾಡಿಗೆ ಕಡಿಮೆ ಮಾಡಲಾಗದು, ಬಟ್ಟೆ ದಾರ ಕಡಿಮೆ ಮಾಡಲಾಗದು. ಹಿಂಡುವುದು ಸಂಬಳವನ್ನೇ.

ಸಂಸ್ಥೆಗೆ ಹಣ ಬರುವುದು ಕಂತುಗಳಲ್ಲಿ. ಬ್ಯಾಚು ಶುರುವಾದಾಗ ಒಂದಿಷ್ಟು, ಪ್ರಮಾಣಪತ್ರ ಸಿಕ್ಕಾಗ ಒಂದಿಷ್ಟು, ಅಭ್ಯರ್ಥಿಗಳು ಕೆಲಸಕ್ಕೆ ಸೇರಿದ್ದು ಸಾಬೀತಾದಾಗ ಉಳಿದದ್ದು, ಎಂಬುದು ಬಹುಕಾಲ ನಡೆದುಬಂದ ಕ್ರಮ. ಬಯೊಮೆಟ್ರಿಕ್ ಹಾಜರಾತಿಯಲ್ಲಿ ತೊಡಕಾದರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಬೋಧಕಿಯ ಸಂಬಳ ನಿಲ್ಲುತ್ತದೆ. ಬೋಧಕಿ ಎಂದು ಬೇಕೆಂದೇ ಬರೆಯುತ್ತಿದ್ದೇವೆ. ಹೊಲಿಗೆ, ಬ್ಯೂಟಿ ಪಾರ್ಲರ್, ಡೇಟಾ ಎಂಟ್ರಿ, ರೋಗಿಗಳ ಆರೈಕೆ ಕಲಿಸುವ ಕೇಂದ್ರಗಳಲ್ಲಿ ಕಲಿಸುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ತಾಲ್ಲೂಕು ಪಟ್ಟಣದ ಮಹಡಿಯ ಮೇಲೊಂದು ಬಾಡಿಗೆ ಹಾಲ್, ಮೂರು ತಿಂಗಳ ಬ್ಯಾಚು, ಅದು ಮುಗಿದರೆ ಮುಂದಿನ ಗುರಿ ನಿಗದಿಯಾಗುವವರೆಗೆ ಮನೆ. ಮತ್ತೆ ಕರೆ ಬಂದರೆ ಬೇರೆ ತಾಲ್ಲೂಕು, ಬೇರೆ ಸಂಸ್ಥೆ. ಹತ್ತು ವರ್ಷ ಹೀಗೆ ದುಡಿದವರ ಹೆಸರಿನಲ್ಲಿ ಒಂದು ಸೇವಾ ಪುಸ್ತಕವಿಲ್ಲ. ಅವರಿಂದ ಕಲಿತು ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದ ಹುಡುಗಿಗೆ ಪಿಎಫ್ ಸಂಖ್ಯೆ ಇರುತ್ತದೆ, ಕಲಿಸಿದವರಿಗೆ ಇರುವುದಿಲ್ಲ.

ತಲೆಗೆ ಇಷ್ಟು ಎಂದು ಹಣ ಕೊಟ್ಟು, ಎಷ್ಟು ತಲೆ ಎಂದು ಲೆಕ್ಕ ಹಾಕುವ ಈ ಪದ್ಧತಿಯ ಬಗ್ಗೆ ಎಚ್ಚರಿಕೆ ಬಂದಿರಲಿಲ್ಲ ಎನ್ನುವಂತಿಲ್ಲ. ಕೇಂದ್ರವೇ ನೇಮಿಸಿದ ಶಾರದಾ ಪ್ರಸಾದ್ ಸಮಿತಿ 2016ರಲ್ಲೇ, ಗುರಿಯ ಸಂಖ್ಯೆಯ ಬೆನ್ನುಹತ್ತಿದ ಅಲ್ಪಾವಧಿ ತರಬೇತಿಯನ್ನೂ ವಲಯವಾರು ಕೌಶಲ ಮಂಡಳಿಗಳ ಕಾರ್ಯವೈಖರಿಯನ್ನೂ ಕಟುವಾಗಿ ವಿಮರ್ಶಿಸಿತ್ತು. ವರದಿ ಬಂತು, ಸಂಖ್ಯೆಯ ಬೆನ್ನುಹತ್ತುವುದು ನಿಲ್ಲಲಿಲ್ಲ.

ಕರ್ನಾಟಕಕ್ಕೆ ತನ್ನದೇ ಒಂದು ಪಾಠವೂ ಇತ್ತು. ಪದವಿಪೂರ್ವ ಕಾಲೇಜುಗಳಲ್ಲಿ ಜೆಒಸಿ ಎಂಬ ವೃತ್ತಿ ಕೋರ್ಸುಗಳು ನಡೆಯುತ್ತಿದ್ದುದು ಮಧ್ಯವಯಸ್ಸಿನ ಓದುಗರಿಗೆ ನೆನಪಿರಬಹುದು. ಅಲ್ಲಿ ಕಲಿಸಿದವರು ವರ್ಷಾನುಗಟ್ಟಲೆ ಅರೆಕಾಲಿಕರಾಗಿಯೇ ದುಡಿದರು. ಕೊನೆಗೆ ಕೋರ್ಸುಗಳು ಮುಚ್ಚಿದವು. ದೀರ್ಘ ಹೋರಾಟದ ನಂತರ ಅವರಲ್ಲಿ ಅನೇಕರನ್ನು ಬೇರೆ ಬೇರೆ ಇಲಾಖೆಗಳಿಗೆ ವಿಲೀನ ಮಾಡಲಾಯಿತು. ಆ ಕುಟುಂಬಗಳಿಗೆ ನೆಮ್ಮದಿ ಸಿಕ್ಕಿತು, ಅದು ನ್ಯಾಯವೇ. ಕಸುಬು ಕಲಿಸಬಲ್ಲ ಅನುಭವ ಮಾತ್ರ ಕಡತಗಳ ನಡುವೆ ಹೂತುಹೋಯಿತು. ಪ್ರೌಢಶಾಲೆಗಳಲ್ಲಿ ಹೊಲಿಗೆ, ನೇಯ್ಗೆ, ಮರಗೆಲಸ, ತೋಟಗಾರಿಕೆ ಕಲಿಸುತ್ತಿದ್ದ ಕ್ರಾಫ್ಟ್ ಮೇಷ್ಟ್ರು, ಕ್ರಾಫ್ಟ್ ಟೀಚರು ನಿವೃತ್ತರಾದಂತೆ ಅವರ ಜಾಗಗಳೂ ಒಂದೊಂದಾಗಿ ಇಲ್ಲವಾದವು. ಈಗ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಯಲ್ಲೇ ವೃತ್ತಿ ಶಿಕ್ಷಣ ಬೇಕೆಂದು ಹೇಳುತ್ತಿದೆ. ಬಿತ್ತನೆಗೆಂದು ಎತ್ತಿಟ್ಟ ಬೀಜವನ್ನು ಕುಟ್ಟಿ ಉಂಡು, ಮಳೆ ಬಂದ ಮೇಲೆ ಬೀಜಕ್ಕಾಗಿ ಊರೂರು ಅಲೆಯುವ ಸ್ಥಿತಿ ನಮ್ಮದು.

ಕೊರತೆ ನೇರವಾಗಿ ತಟ್ಟುವುದು ಹಳ್ಳಿಯ ಮಕ್ಕಳಿಗೆ. ಹತ್ತನೆಯ ತರಗತಿಯ ಬಳಿಕ ಪಿಯುಸಿಗೆ ಹೋಗಲಾಗದ, ಮನೆಗೆ ಬೇಗ ದುಡಿಮೆ ತರಬೇಕಾದ ಮಕ್ಕಳೇ ಐಟಿಐ ಬಾಗಿಲಿಗೆ ಬರುವವರು. ಹೊಸ ಯಂತ್ರದ ಪರದೆ ಇಂಗ್ಲಿಷಿನಲ್ಲಿ ಮಾತಾಡುತ್ತದೆ, ಕೈಪಿಡಿ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಭಯ ತೆಗೆಯುವವರು ಬೋಧಕರೊಬ್ಬರೇ. ಅವರು ಇಲ್ಲದಿದ್ದರೆ ಯಂತ್ರಕ್ಕೆ ಹೊದಿಕೆ ಹೊದಿಸಿ ಇಡುತ್ತಾರೆ. ಕೆಟ್ಟರೆ ಹೊಣೆ ಯಾರದು ಎಂಬ ಅಂಜಿಕೆ ಪ್ರಾಂಶುಪಾಲರಿಗೂ ಇರುತ್ತದೆ. ಮಗು ಎರಡು ವರ್ಷ ಕಳೆದು ಪ್ರಮಾಣಪತ್ರ ಹಿಡಿದು ಕಾರ್ಖಾನೆ ಗೇಟಿಗೆ ಹೋಗುತ್ತದೆ. ಮೈಕ್ರೊಮೀಟರ್ ಕೊಟ್ಟು ಅಳತೆ ಓದು ಎಂದರೆ ತಡವರಿಸುತ್ತದೆ. ‘ಐಟಿಐ ಹುಡುಗರಿಗೆ ಏನೂ ಬರುವುದಿಲ್ಲ’ ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಅವರಿಗೆ ಬಾರದಿರುವುದು ಅವರ ತಪ್ಪಲ್ಲ. ಅದೇ ಮಗುವಿಗೆ ನಿರುದ್ಯೋಗ ಭತ್ಯೆಯೂ ಇಲ್ಲ. ರಾಜ್ಯದ ಯುವನಿಧಿ ಯೋಜನೆ ಪದವಿಗೆ 3,000, ಡಿಪ್ಲೊಮಾಗೆ 1,500 ರೂಪಾಯಿ ಎಂದು ಶುರುವಾಯಿತು, ಐಟಿಐ ಪ್ರಮಾಣಪತ್ರಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ.

ಕಲಿಸುವವರ ಬೆಲೆ ಗೊತ್ತಿರುವ ಕಡೆ ಫಲ ಬೇರೆಯೇ ಇದೆ. ಬಿಡದಿಯಲ್ಲಿ ಟೊಯೋಟ 2007ರಿಂದ ತನ್ನದೇ ತಾಂತ್ರಿಕ ತರಬೇತಿ ಸಂಸ್ಥೆ ನಡೆಸುತ್ತಿದೆ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳನ್ನು ತೆಗೆದುಕೊಂಡು ಮೂರು ವರ್ಷ ಕಲಿಸುತ್ತದೆ. ಉಜಿರೆಯಲ್ಲಿ 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿ ತರಬೇತಿಯನ್ನೇ ಕೊಡುತ್ತದೆ. ಆದರೆ ತರಬೇತಿ ಮುಗಿದ ಮೇಲೂ ಕಲಿತವರನ್ನು ಹುಡುಕಿಕೊಂಡು ಹೋಗಿ ವಿಚಾರಿಸುತ್ತದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳು ತರಬೇತಿ ಸಂಸ್ಥೆ ತೆರೆದವು. ಮಾದರಿ ನಮ್ಮ ಮನೆಯಂಗಳದಲ್ಲೇ ಹುಟ್ಟಿತ್ತು.

ಈಗ ಮತ್ತೊಂದು ದೊಡ್ಡ ಮೊತ್ತ ಬರುತ್ತಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ 60,000 ಕೋಟಿ ರೂಪಾಯಿಯ ಐಟಿಐ ಉನ್ನತೀಕರಣ ಯೋಜನೆಗೆ ಒಪ್ಪಿಗೆ ನೀಡಿತು. ಅಕ್ಟೋಬರಿನಲ್ಲಿ ಪಿಎಂ-ಸೇತು ಎಂಬ ಹೆಸರಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ದೇಶದ 1,000 ಸರ್ಕಾರಿ ಐಟಿಐಗಳು ಇದರಡಿ ಬರಲಿವೆ. 50,000 ಬೋಧಕರಿಗೆ ತರಬೇತಿ ಕೊಡುವ ಮಾತೂ ಇದೆ, ಸ್ವಾಗತ. ಉತ್ಕೃಷ್ಟತಾ ಕೇಂದ್ರಗಳಾಗಿ ಬೆಳೆಯಲಿರುವ ಐದು ಸಂಸ್ಥೆಗಳು ಭುವನೇಶ್ವರ, ಚೆನ್ನೈ, ಹೈದರಾಬಾದ್, ಕಾನ್ಪುರ ಮತ್ತು ಲೂಧಿಯಾನದಲ್ಲಿವೆ. ದೇಶಕ್ಕೆ ಫೋರ್‌ಮನ್‌ಗಳನ್ನು ಕೊಟ್ಟ ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿಲ್ಲ. ನಮ್ಮ ಸಂಸದರು ಈ ಬಗ್ಗೆ ಕೇಳಬೇಕಿತ್ತು, ಈಗಲಾದರೂ ಕೇಳಬೇಕು. ಅದಕ್ಕಿಂತ ಮುಖ್ಯವಾದದ್ದು, ಬೋಧಕರಿಗೆ ತರಬೇತಿಯನ್ನು ಕೇಂದ್ರ ಕೊಡಬಹುದು, ಹುದ್ದೆ ಕೊಡಬೇಕಾದದ್ದು ರಾಜ್ಯ. ಹುದ್ದೆಯೇ ಇಲ್ಲದಿದ್ದರೆ ತರಬೇತಿ ಪಡೆದವರು ಎಲ್ಲಿಗೆ ಹೋಗಬೇಕು?

ರಾಜ್ಯ ಸರ್ಕಾರ ಮಾಡಬೇಕಾದದ್ದರಲ್ಲಿ ಮೊದಲನೆಯದಕ್ಕೆ ಹಣವೇ ಬೇಕಿಲ್ಲ. ಐಟಿಐಗಳನ್ನೂ ಉದ್ಯೋಗ ವಿನಿಮಯ ಕೇಂದ್ರಗಳನ್ನೂ ನಡೆಸುವುದು ಒಂದೇ ಇಲಾಖೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು ಬೇರೆಯವರಿಗೆ ಹೇಳುವ ಕಾಯ್ದೆ 1959ರಿಂದ ಇತ್ತು. ಹಾಗಿದ್ದ ಮೇಲೆ ಯಾವ ತಾಲ್ಲೂಕಿನ ಯಾವ ಐಟಿಐಯಲ್ಲಿ ಯಾವ ಟ್ರೇಡಿನ ಬೋಧಕರ ಜಾಗ ಖಾಲಿಯಿದೆ, ಅತಿಥಿ ಬೋಧಕರು ಎಷ್ಟು ಬೇಕು, ಗೌರವಧನ ಎಷ್ಟು ಎಂಬುದನ್ನು ಇಲಾಖೆ ಒಂದೇ ಕಡೆ, ಕನ್ನಡದಲ್ಲಿ, ವರ್ಷಪೂರ್ತಿ ಪ್ರಕಟಿಸಲಿ. ಕೌಶಲ ಕೇಂದ್ರಗಳ ಬೋಧಕರ ಬೇಡಿಕೆಯೂ ಅಲ್ಲೇ ಇರಲಿ. ಕೆಲಸ ಪರಿಚಯದವರ ಮೂಲಕ ಸಿಗುವ ಗುಟ್ಟಾಗಿ ಉಳಿಯಬಾರದು. ಕೊಪ್ಪಳದ ಒಬ್ಬ ಟರ್ನರ್‌ಗೆ ಹಾಸನದಲ್ಲಿ ಜಾಗವಿದೆ ಎಂದು ತಿಳಿಯಬೇಕು.

ಎರಡನೆಯದು ನೇಮಕಾತಿ. ಖಾಲಿ ಇರುವ ಬೋಧಕ ಹುದ್ದೆಗಳನ್ನು ದಶಕಕ್ಕೊಮ್ಮೆ ಒಟ್ಟಿಗೆ ತುಂಬುವ ಬದಲು, ನಿವೃತ್ತಿಯ ಲೆಕ್ಕ ಹಿಡಿದು ಪ್ರತಿವರ್ಷ ತುಂಬಬೇಕು. ಅತಿಥಿಯಾಗಿ ದುಡಿದ ವರ್ಷಗಳಿಗೆ ಅಂಕ ಕೊಡಬೇಕು, ಕೆಲಸ ಮಾಡಿ ತೋರಿಸುವ ಪರೀಕ್ಷೆಗೆ ಬರವಣಿಗೆಯಷ್ಟೇ ತೂಕ ಇರಬೇಕು. ಚೆನ್ನಾಗಿ ವೆಲ್ಡ್ ಮಾಡಬಲ್ಲವರು ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಸೋತು ಮನೆಗೆ ಹೋಗುವುದು ಮಕ್ಕಳಿಗೆ ಆಗುವ ನಷ್ಟ. ಅತಿಥಿ ಬೋಧಕರು ಇರಲೇಬೇಕಾದ ಕಡೆ ಹನ್ನೆರಡು ತಿಂಗಳ ಗೌರವಧನ, ಪ್ರತಿ ತಿಂಗಳೂ ನೇರವಾಗಿ ಖಾತೆಗೆ. ಅಲ್ಪಾವಧಿ ಯೋಜನೆಗಳಲ್ಲಿ ಬೋಧಕರ ಸಂಬಳವನ್ನು ಸಂಸ್ಥೆಯ ಕಂತಿನಿಂದ ಬೇರ್ಪಡಿಸಬೇಕು. ಸಂಸ್ಥೆ ತಪ್ಪಿದರೆ ದಂಡ ಸಂಸ್ಥೆಗೆ ಬೀಳಲಿ, ಕಲಿಸಿದವರಿಗೆ ಬೀಳಬಾರದು. ಕಾಯಂ ಬೋಧಕರಿಗೂ ಕೆಲವು ವರ್ಷಕ್ಕೊಮ್ಮೆ ಕಾರ್ಖಾನೆಗೆ ಹೋಗಿ ಹೊಸ ಯಂತ್ರದ ಮೇಲೆ ದುಡಿದು ಬರುವ ಕಡ್ಡಾಯ ಅವಧಿ ಬೇಕು. ಕಾಯಂ ಆದ ಮೇಲೆ ಕಲಿಕೆ ನಿಲ್ಲಿಸಿದವರೂ ನಮ್ಮಲ್ಲಿದ್ದಾರೆ, ಅವರ ಪರ ವಾದಿಸಲು ಈ ಪತ್ರಿಕೆ ಸಿದ್ಧವಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಟಾಟಾ ಸಹಭಾಗಿತ್ವದಲ್ಲಿ ಯಂತ್ರಕ್ಕೆ 4,700 ಕೋಟಿ ಹೊಂದಿಸಲು ಬಂದ ರಾಜ್ಯಕ್ಕೆ ಅವನ್ನು ನಡೆಸುವ ಕೈಗಳಿಗೆ ಸಂಬಳ ಹೊಂದಿಸಲು ಬರುವುದಿಲ್ಲ ಎಂದರೆ ನಂಬುವುದು ಕಷ್ಟ.

ಓದುಗರಲ್ಲೂ ಒಂದು ಮನವಿಯಿದೆ. ಮಗನನ್ನೋ ಮಗಳನ್ನೋ ಐಟಿಐಗೆ, ಕೌಶಲ ಕೇಂದ್ರಕ್ಕೆ ಸೇರಿಸಲು ಹೋದಾಗ ಕಟ್ಟಡ, ಯಂತ್ರ ನೋಡಿ ಹಿಂದಿರುಗಬೇಡಿ. ಈ ಟ್ರೇಡ್ ಕಲಿಸುವವರು ಯಾರು, ಎಷ್ಟು ವರ್ಷದಿಂದ ಇಲ್ಲಿದ್ದಾರೆ, ಬೋಧಕ ತರಬೇತಿ ಆಗಿದೆಯೇ, ಅವರ ಸಂಬಳ ಬಂದಿದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಉತ್ತರ ಸಿಗದಿದ್ದರೆ ನಿಮ್ಮ ಶಾಸಕರಿಗೆ ಬರೆಯಿರಿ, ಪ್ರತಿಯನ್ನು ನಮಗೂ ಕಳುಹಿಸಿ. ಬಂದ ಪತ್ರಗಳನ್ನು ಊರು, ಟ್ರೇಡಿನ ವಿವರ ಸಮೇತ ಈ ಪುಟಗಳಲ್ಲಿ ಪ್ರಕಟಿಸುತ್ತೇವೆ.